ಬೆರಳಿನ ಪಾಲು

ಸದ್ದು ಕಟ್ಟಾದರೆ ನಮಗೇನು ನಷ್ಟ, ಮುಬೀನಾ,
ಇಬ್ಬರೂ ಹುಟ್ಟುಕಿವುಡರು.
ಆದರೆ ಸಂಜೆ ಏಳಕ್ಕೆ ಶಿಡ್ಲಘಟ್ಟವೆಲ್ಲ
ಮೊಬೈಲು ಹಿಡಿದು ಕ್ರಿಕೆಟ್ಟಿಗೆ ಕೂತಾಗ
ಅಲ್ಲಿ ಪಾವಗಡದಲ್ಲಿ
ನಿನ್ನ ಬೆರಳು ತೊದಲುತ್ತವೆ.

ಐದೂ ಸೇರಿ ಒಂದು ಮುದ್ದೆ.
'ನಾಳೆ' ಅಂದೆಯೋ, 'ಬೇಡ' ಅಂದೆಯೋ,
ಚೌಕ ಚೌಕ ಚರ್ಮ.
ಹಿಂದಿನ ಗೋಡೆಯ ಕ್ಯಾಲೆಂಡರ್ ಮಾತ್ರ
ತಾರೀಖು ಸಮೇತ ಸ್ಪಷ್ಟ.
ಅಲ್ಲಾಡದ್ದಕ್ಕೆ ಖರ್ಚಿಲ್ಲವಂತೆ,
ಅಲ್ಲಾಡುವುದನ್ನೇ ಅರೆಯುತ್ತದಂತೆ;
ರೀಚಾರ್ಜ್ ಅಂಗಡಿಯ ನಯಾಜ್
ಚೀಟಿಯಲ್ಲಿ ಬರೆದು ತೋರಿಸಿದ.

ಹೂಹೂವಿನ ಪರದೆ ಕಿತ್ತೆ. ಗೋಡೆಗೆ ಬರೀ ಪಂಚೆ ಕಟ್ಟಿದೆ.
ಬಳೆ ತೆಗೆದಿಟ್ಟೆ, ಅವೂ ಮಿಣುಗಿ ಪಾಲು ಕೇಳುತ್ತವೆ.
ಗೂಡಿನಿಂದ ನೂಲು ತೆಗೆಯುವವಳಿಗೆ ಗೊತ್ತು
ಅವಸರಕ್ಕೆ ಎಳೆ ಕಡಿಯುತ್ತದೆಂದು.
ಒಂದೊಂದೇ ಮಾತು, ತಡೆದು ತಡೆದು,
ಬಿಸಿನೀರಿಗೆ ಬೆಂದು ಸುಕ್ಕಾದ ಈ ಬೆರಳಿಂದ.

ಮೊನ್ನೆ ಜಗಳಕ್ಕೆ ಬಂದೆಯಲ್ಲ,
ಸಿಟ್ಟಿಗೆಲ್ಲಿಯ ನಿಧಾನ?
ಸ್ಕ್ರೀನ್ ತುಂಬ ಬರೀ ಕಲಸುಮೇಲೋಗರ.
ಏನು ಬೈದೆಯೋ ತಿಳಿಯಲಿಲ್ಲ.
ಬೈದದ್ದಂತೂ ತಿಳಿಯಿತು.

ಇವತ್ತು ಕೈ ಕಟ್ಟಿ ಕೂತಿದ್ದೀಯ.
ಎಷ್ಟು ಚೆನ್ನಾಗಿ ಕಾಣುತ್ತೀ ಕಣೇ,
ಹುಬ್ಬಿನ ಪಕ್ಕದ ಮಚ್ಚೆ ಕೂಡ.

ಬೇಡ.
ಮಸುಕಾಗು. ಮಾತಾಡು.