ಐದನೇ ಮಹಡಿಯ ಮಣ್ಣು

ಲಿಫ್ಟ್ ಇಲ್ಲ.
ಇಪ್ಪತ್ತೆರಡು ಬಕೆಟ್ಟು, ಎಂಬತ್ತು ಮೆಟ್ಟಿಲು.
ಮೂರನೇ ಮಹಡಿಯವನು ಬಾಗಿಲು ಅರೆ ತೆರೆದು
'ಏನದು?' ಅಂದ.
ಮಣ್ಣು, ಅಂದೆ.
'ಅದನ್ನು ಕೆಳಗಿಳಿಸುವವರನ್ನು ಕಂಡಿದ್ದೇನೆ' ಅಂದು
ಮುಚ್ಚಿಕೊಂಡ.

ಮಾಗ್ಡೆಬುರ್ಗ್‌ನ ಉತ್ತರದ ಅಂಚು, ಒಂದೇ ಅಚ್ಚಿನ ಕಟ್ಟಡಗಳ ಸಾಲು.
ಎದುರಿನ ಸಾಲನ್ನು ಕೆಡವಿ ಎರಡು ವರ್ಷವಾಯಿತು,
ಬಾಡಿಗೆಗೆ ಜನವಿಲ್ಲವೆಂದು.
ಅಲ್ಲಿ ಬಿಟ್ಟ ಹೊಂಡದಿಂದಲೇ ಅಗೆದು ತಂದ ಹಳದಿ ಮಣ್ಣು ಇದು,
ಮುಟ್ಟಿದರೆ ಹಿಟ್ಟು, ನೆನೆದರೆ ಬೆಣ್ಣೆ.
ಜರಡಿಯಲ್ಲಿ ಉಳಿದದ್ದು: ಬೇರು, ಗಾಜಿನ ಗೋಲಿ,
ನೀಲಿ ಹಲ್ಲುಜ್ಜುವ ಬ್ರಷ್ಷಿನ ಹಿಡಿ.
ಗೋಲಿಯನ್ನು ಗುಡ್ರುನ್ ಪೆಶ್ಕೆ ತೊಳೆದು ಕಿಟಕಿಯಲ್ಲಿಟ್ಟಳು.

ಎಪ್ಪತ್ತೇಳು ಆಕೆಗೆ. ಬೇಕಾದದ್ದು ಒಂದೇ ಗೋಡೆ,
ಹಾಸಿಗೆಯ ತಲೆದೆಸೆಯದು.
'ಕೆಮ್ಮಿದರೆ ಈ ಕಾಂಕ್ರೀಟು
ನನ್ನ ಕೆಮ್ಮನ್ನು ನನಗೇ ವಾಪಸು ಕೊಡುತ್ತದೆ.'

ಮೊದಲ ದಿನ ಅಂಗೈಯಗಲ ಬಳಿದು ಹೋದೆ.
ಬೆಳಗ್ಗೆ ನೋಡಿದರೆ ಅದು ಇಡಿಯಾಗಿ ಜಾರಿ
ಬೇಯದ ರೊಟ್ಟಿಯ ಹಾಗೆ ನೆಲದ ಮೇಲೆ.
'ಅಚ್ಚಿನ ಎಣ್ಣೆ' ಅಂದಳು, ನಗುತ್ತ.
'ಹಲಗೆ ಅಚ್ಚು ಬಿಟ್ಟು ಬರಲೆಂದು ಬಳಿಯುತ್ತಿದ್ದರು.
ಐವತ್ತು ವರ್ಷವಾಯಿತು,
ಯಾವುದಕ್ಕೂ ಅಂಟಬೇಡವೆನ್ನುವುದನ್ನು ಇನ್ನೂ ಮರೆತಿಲ್ಲ ನೋಡು.'

ಸೋಡಾದಲ್ಲಿ ಉಜ್ಜಿದೆ, ಎರಡು ಸಲ.
ಗಟ್ಟಿ ಮೊಸರಿನಿಂದ ತೆಗೆದ ಅಂಟಿಗೆ ಒರಟು ಮರಳು ಕಲಸಿ ಬಳಿದೆ.
ನುಣುಪಿಗೆ ಈಗ ಬೆಕ್ಕಿನ ನಾಲಿಗೆ ಬಂತು.
ಹಲಗೆ ಹಲಗೆ ಕೂಡುವಲ್ಲಿ ಗೋಣಿಯ ಪಟ್ಟಿ.
ಬಾರ್ಲಿಯ ಹುಲ್ಲು ಕೊಚ್ಚಿ ಸೇರಿಸಿದ ಮಣ್ಣು
ಕರಣೆಯ ಬೆನ್ನಲ್ಲಿ ಸೊಯ್ಯನೆ ಹತ್ತಿತು,
ಈ ಸಲ ಹಿಡಿಯಿತು.

ಆಮೇಲೆ ತೂಗುಗುಂಡು ಬಿಟ್ಟೆ.
ದಾರ ಮೇಲೆ ಗೋಡೆಗೆ ತಾಗಿತ್ತು,
ಕೆಳಗೆ ನನ್ನ ಹೆಬ್ಬೆರಳು ನಡುವೆ ಹೋಯಿತು.
ಗೋಡೆ ಓರೆಯಿದೆ, ಅಂದೆ, ಗುಂಡನ್ನೇ ದೂರುವವಳಂತೆ.

ಗುಡ್ರುನ್ ಕುರ್ಚಿಯ ಮೇಲೆ ಕೂತಳು.
'ಇದನ್ನಿಟ್ಟವಳು ನಾನು.
ಎಪ್ಪತ್ತನಾಲ್ಕರ ಮಾರ್ಚ್, ಕ್ರೇನಿನ ಪಂಜರದಲ್ಲಿ ನಾನು,
ಕೆಳಗೆ ಸನ್ನೆಗೆ ಹೋರ್ಸ್ಟ್ ಬುಡಾಕ್.
ಗಾಳಿ ಎದ್ದಿತ್ತು. ನಿಲ್ಲಿಸಬೇಕಿತ್ತು.
ಆ ದಿನದ ಲೆಕ್ಕಕ್ಕೆ ಇನ್ನೊಂದೇ ಹಲಗೆ ಬಾಕಿ ಇತ್ತು.
ಐದು ಟನ್ನು, ಹನ್ನೊಂದು ನಿಮಿಷ.
ಇಳಿಸುವಾಗಲೇ ಕೈಗೆ ಗೊತ್ತಾಯಿತು.
ಬುಡಾಕನಿಗೂ. ಅವನು ನನ್ನತ್ತ ನೋಡಲಿಲ್ಲ, ಬೆಸುಗೆಯವರನ್ನು ಕೂಗಿದ.
ಮನೆ ಹಂಚುವಾಗ ಯಾವುದು ಬೇಕೆಂದು ಕೇಳಿದರು.
ಇದೇ ಇರಲಿ ಅಂದೆ.
ಬೇರೆಯವರು ಇದರ ಕೆಳಗೆ ಮಲಗುವುದು ಬೇಡ ಅನಿಸಿತ್ತು.'

ಫ್ರಿಜ್ಜಿನ ಗುರುಗುರು ನಿಂತು ಮತ್ತೆ ಶುರುವಾಯಿತು.

ತುಂಬಿಸಬಹುದು, ಅಂದೆ ನಾನು.
ಕೆಳಗೆ ದಪ್ಪ, ಮೇಲೆ ತೆಳು,
ಮೂರು ಪದರ ಎಳೆದರೆ ಕಣ್ಣಿಗೆ ನೇರ.
ಆಕೆ ಬಹಳ ಹೊತ್ತು ದಾರವನ್ನೇ ನೋಡಿದಳು.
'ಎಷ್ಟು ದಿನ?'
ಒಣಗುವುದೂ ಸೇರಿ ಹದಿನೈದು.
'ಹನ್ನೊಂದು ನಿಮಿಷದ್ದಕ್ಕೆ?'
ಹೂಂ.
'ಬೇಡ. ಅದು ಹೇಗಿದೆಯೋ ಹಾಗೇ ಹೊದಿಸು.'

ಹಾಗೇ ಹೊದಿಸಿದೆ.
ಮೊಸರು ಡಬ್ಬಿಯ ಮುಚ್ಚಳ ಕತ್ತರಿಸಿ ಕೊನೆಯ ನುಣುಪು ಕೊಟ್ಟೆ,
ಅದರಷ್ಟು ಚೆನ್ನಾಗಿ ಬಾಗುವ ಉಕ್ಕು ನನಗಿನ್ನೂ ಸಿಕ್ಕಿಲ್ಲ.
ಕೆಳಮೂಲೆಯಲ್ಲಿ, ಹಾಸಿಗೆ ಮರೆಮಾಡುವಲ್ಲಿ,
ಹಸಿಯಿದ್ದಾಗಲೇ ಗೋಲಿಯನ್ನು ಒತ್ತಿದಳು ಅವಳು.
ಕೇಳಿ ಒತ್ತಲಿಲ್ಲ.

ಕಪ್ಪಗಿದ್ದ ಗೋಡೆ ಅಂಚಿನಿಂದ ಬೆಳ್ಳಗಾಗುತ್ತ ಬಂತು,
ನಡುವಿನಲ್ಲೊಂದು ಒದ್ದೆ ಮಚ್ಚೆ
ವಾರವಿಡೀ ಆಕಾರ ಬದಲಿಸುತ್ತ ಕಿರಿದಾಯಿತು.
ಫೋನು ಮಾಡಿದಳು:
ಬಾಗಿಲ ಬಳಿ ಕೂದಲೆಳೆಯಷ್ಟು ಬಿರುಕು.
ನಾಳೆ ಬರುತ್ತೇನೆ, ಒದ್ದೆ ಸ್ಪಂಜು ಸಾಕು, ಅಂದೆ.
'ಬರುವುದಾದರೆ ಬಾ' ಅಂದಳು. 'ಕೇಳು,'
ಅಂದು ಕೆಮ್ಮಿದಳು,
ಒಂದು ಸಲ, ಬೇಕೆಂದೇ,
ಫೋನನ್ನು ಗೋಡೆಯ ಕಡೆ ಹಿಡಿದು.