ಗೀರು, ಹಳೆಯದು

ಆರನೇ ದಿನ ಬಿತ್ತು ಮೊದಲ ಗೀರು.
ಚಾರ್ಜರ್ ಚುಚ್ಚುವ ತೂತಿನ ಪಕ್ಕ,
ಎರಡು ರೂಪಾಯಿಯ ಅಂಚಿನ ಹಾಗೆ ಬಾಗಿ,
ನೀಲಿ ಎದ್ದುಹೋಗಿ ಒಳಗಿನ ಬಿಳಿ ಕಾಣುವಂತೆ.
ಹನ್ನೊಂದು ಕಂತಿನಲ್ಲಿ ಒಂದೂ ಕಟ್ಟಿರಲಿಲ್ಲ ಇನ್ನೂ.

ತಪ್ಪು ನನ್ನದೇ. ಮಂಡಗದ್ದೆ ದಾಟುವಾಗ ಮಗಳ ಫೋನು,
ಗಣಿತದ ಬುಕ್ಕು ಎಲ್ಲಮ್ಮ ಅಂತ.
ಕಪಾಟಿನ ಮೇಲೆ ಅನ್ನುವಷ್ಟರಲ್ಲಿ ಕೋರಿಕೆ ನಿಲುಗಡೆ,
ಇಳಿಯುವವರು ಮೂವರು, ಹತ್ತುವವರು ಏಳು.
ಕೈಗೆ ಸಿಕ್ಕ ಕಡೆ ತುರುಕಿದೆ,
ಜೇಬಿಗಲ್ಲ, ಚರ್ಮದ ಚೀಲಕ್ಕೆ, ಚಿಲ್ಲರೆಯ ಮಧ್ಯೆ.

ಹೆಂಗಸರ ಟಿಕೆಟ್ಟು ಸೊನ್ನೆಯಾದ ಮೇಲೆ
ಚೀಲ ಹಗುರ. ಇರುವ ನಾಲ್ಕು ನಾಣ್ಯಕ್ಕೆ
ಓಡಾಡಲು ಜಾಗ ಜಾಸ್ತಿ.
ತುಂಬಿದ್ದರೆ ಸುಮ್ಮನಿರುತ್ತಿದ್ದವೇನೋ.

ಅಂಗಡಿಯ ಹುಡುಗ ಅದನ್ನು ಎರಡೂ ಕೈಯಲ್ಲಿ ಕೊಟ್ಟಿದ್ದ,
ಬಾಣಂತಿಗೆ ಕೂಸು ಕೊಡುವ ಹಾಗೆ.
ಮೇಲಿನ ಪ್ಲಾಸ್ಟಿಕ್ಕು ನೀವೇ ಸುಲೀರಿ ಮೇಡಂ ಅಂದಿದ್ದ.
ಸುಲಿದೆ. ಸರ್ರನೆ ಬಂತು.
ಹದಿನಾಲ್ಕು ವರ್ಷದಲ್ಲಿ ಯಾರೂ ಮುಟ್ಟದ್ದು
ನನ್ನ ಕೈಗೆ ಬಂದದ್ದು ಎಷ್ಟು ಅಂತ ಲೆಕ್ಕ ಹಾಕಿದರೆ,
ಬಸ್ಸು ಬೇರೆ ಡಿಪೋದಲ್ಲಿ ಸವೆದು ಬಂದದ್ದು,
ಟಿಕೆಟ್ ಮಿಷನ್ನಿನ ಐದರ ಗುಂಡಿಯಲ್ಲಿ ಐದೇ ಇಲ್ಲ,
ಮನೆಯ ಮಿಕ್ಸಿ ನಾದಿನಿಯದು.

ಹಲ್ಲಿನ ಪೇಸ್ಟು ಹಚ್ಚಿ ಉಜ್ಜಿದೆ.
ಗೀರು ಹಾಗೇ ಉಳಿದು ಸುತ್ತಲಿನ ಹೊಳಪು ಹೋಯಿತು.
ಮಗಳು ಉಗುರುಬಣ್ಣ ತಂದಳು.
ನೀಲಿಯಲ್ಲೂ ಎಷ್ಟು ಥರ!
ಅವಳದು ಇಂಕಿನ ನೀಲಿ, ಇದು ಗಾಜನೂರಿನ ಹಿನ್ನೀರು
ಸಂಜೆ ಆರೂವರೆಗೆ, ಕೊನೆಯ ಟ್ರಿಪ್ಪಿನಲ್ಲಿ,
ಎಡಗಡೆ ಕಿಟಕಿಯಿಂದ ಕಾಣುತ್ತದಲ್ಲ, ಆ ನೀಲಿ.
ತೇಪೆ ಹಾಕಿದ ಹಾಗಾಯಿತು. ಒರೆಸಿಬಿಟ್ಟೆ.

ನೆಹರೂ ರಸ್ತೆಯ ನವೀದ್ ಕವರು ಹಾಕಿಕೊಟ್ಟ, ನೂರೈವತ್ತು.
ಹತ್ತು ದಿನ ನಿಶ್ಚಿಂತೆ.
ತೆಗೆದು ನೋಡಿದರೆ ನಾಲ್ಕೂ ಮೂಲೆ ಬೋಳು:
ರಸ್ತೆ ಕೆಲಸದ ಕೆಂಪು ಧೂಳು ಒಳಗೆ ಸೇರಿ
ಕಾಪಾಡುವ ನೆಪದಲ್ಲಿ ಅರೆಯುತ್ತಾ ಕೂತಿತ್ತು.
ಅದು ಗೀರಿದ್ದು ಅಕ್ಕ, ಇದು ತೇದದ್ದು ಅಂದ ನವೀದ್,
ಡಾಕ್ಟರು ಎರಡು ಕಾಯಿಲೆಯ ಹೆಸರು ಹೇಳುವ ಹಾಗೆ.
ಕವರನ್ನು ಅವನ ಕಸದ ಡಬ್ಬಿಗೇ ಹಾಕಿ ಬಂದೆ.

ಹತ್ತೊಂಬತ್ತನೇ ದಿನ
ತೀರ್ಥಹಳ್ಳಿ ನಿಲ್ದಾಣದ ನಲ್ಲಿಯ ಕಟ್ಟೆ ಮೇಲೆ
ಮುಖ ತೊಳೆಯಲು ಇಟ್ಟದ್ದು ಅಲ್ಲೇ ಉಳಿಯಿತು.
ಎರಡು ಸ್ಟಾಪು ದಾಟಿದ ಮೇಲೆ ನೆನಪು.
ಎದೆ ಧಸಕ್ಕೆಂದದ್ದು ಯಾರಿಗೂ ಕೇಳಲಿಲ್ಲ,
ನಾನು ರೈಟ್ ರೈಟ್ ಅನ್ನುತ್ತಲೇ ಇದ್ದೆ.

ಮರುಟ್ರಿಪ್ಪಿನಲ್ಲಿ ಟಿಸಿ ದ್ಯಾವಪ್ಪನ ಡ್ರಾಯರಿನಲ್ಲಿ
ಎರಡಿದ್ದವು. ಅದೇ ಕಂಪನಿ, ಅದೇ ನೀಲಿ,
ಎರಡೂ ಚಾರ್ಜು ಮುಗಿದು ಸತ್ತಿದ್ದವು.
ಯಾವುದಮ್ಮ ನಿಮ್ಮದು? ಗುರುತು ಏನು?
ನಾನು ನೋಡಲಿಲ್ಲ. ಹೆಬ್ಬೆರಳು ತಾನೇ ಹೋಗಿ
ತೂತಿನ ಪಕ್ಕ ಕೂತಿತು.

ಆತ ರಿಜಿಸ್ಟರು ಬಿಚ್ಚಿದ. ಕಿಟಕಿ ಒಡೆದ ಬಸ್ಸು,
ಬಂಪರು ತಗ್ಗಾದ ಬಸ್ಸು ಬರೆಯುವ ಅದೇ ಅಕ್ಷರದಲ್ಲಿ:
ನಿರ್ವಾಹಕಿ ವಾರಿಜಾಕ್ಷಿ. ಮೊಬೈಲು ಒಂದು, ನೀಲಿ.
ಗೀರು, ಹಳೆಯದು.

ಹಳೆಯದಲ್ಲ ಸಾರ್ ಅಂದೆ. ದನಿ ಸ್ವಲ್ಪ ಜೋರಾಯಿತು.
ಹತ್ತೊಂಬತ್ತು ದಿನ. ಮೊದಲ ಕಂತಿಗೇ ಇನ್ನೂ
ಹನ್ನೊಂದು ದಿನ ಇದೆ. ಆ ಪದ ಹೊಡೆದುಹಾಕಿ.

ಹೊರಗೆ ಡ್ರೈವರ್ ಹಾಲೇಶಪ್ಪನ ಹಾರನ್ನು.
ದ್ಯಾವಪ್ಪ ಪೆನ್ನಿನ ಮುಚ್ಚಳ ಹಾಕಿದ.
ಇದರಲ್ಲಿ ಗೀಚುವಂತಿಲ್ಲಮ್ಮ ಅಂದ, ಆಡಿಟ್ಟಿದೆ.