ನಮೂನೆ ಹನ್ನೊಂದು

ಹಟ್ಟಿಯ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ
ಕುಕ್ಕರಿನ ತಳಕ್ಕೆ ಹೊಳೆಮರಳು ಹರವಿ,
ಗ್ಯಾಸ್ಕೆಟ್ಟು ಬಿಚ್ಚಿ, ಸೀಟಿ ಕಿತ್ತು ಗೂಟಕ್ಕೆ ಸಿಕ್ಕಿಸಿ
ನಾನು ಕೇಕು ಬೇಯಿಸುತ್ತೇನೆ, ಭಾನುವಾರ,
ಎರಡು ಸಲ ಮಿಂದ ಮೇಲೆ.

ಎರಡು ಸಲ ಯಾಕೆಂದರೆ
ಉಳಿದ ಆರು ದಿನ ಗಣಿಯ ಪರೀಕ್ಷಾಲಯದಲ್ಲಿ
ಕಲ್ಲಿನ ಪುಡಿಗೆ ಸೀಸದ ಹಳದಿ ಪುಡಿ, ಸೋಡಾ, ಬಿಳಿಗಾರ,
ಮೇಲಿಷ್ಟು ಮೈದಾ ಬೆರೆಸಿ
ಮೂಸೆಗೆ ತುಂಬಿ ಸಾವಿರ ಡಿಗ್ರಿಯ ಬಾಯಿಗೆ ದೂಡುವವನು ನಾನು.
ಹೌದು, ಮೈದಾ. ಕಿರಾಣಿ ಅಂಗಡಿಯದೇ.
ಹಿಟ್ಟು ಉರಿದರೆ ಸೀಸ ಇಳಿಯುತ್ತದೆ,
ಸೀಸದ ಮಡಿಲಲ್ಲಿ ಚಿನ್ನ.
ಸಾಸಿವೆಗಿಂತ ಸಣ್ಣದು,
ಚಿಮಟದಲ್ಲಿ ಹಿಡಿದು ಉಸಿರು ಬಿಟ್ಟರೆ ಹೋಯಿತು.
ಇಪ್ಪತ್ತೆರಡು ವರ್ಷ ಹಿಟ್ಟು ಬೆರೆಸಿದ್ದೇನೆ,
ಒಂದು ತುತ್ತೂ ತಿನ್ನಲಾಗದ್ದು.

‘ರಿಟೈರ್ ಆದ ಮ್ಯಾಲ ಹುಚ್ಚು ಹತ್ತೋದು ಕೇಳೀನಿ,
ನಿಮಗ ಮೊದಲ ಹತ್ತೇತಿ’ ಅಂದಳು ಅಮರಮ್ಮ.

ಮೊದಲನೆಯದು ಜೋಳದ ಕೇಕು.
ಜೋಳಕ್ಕೆ ಅಂಟಿಲ್ಲ, ಕುದಿವ ನೀರು ಬೇಕು ಎಂಬುದನ್ನು
ರೊಟ್ಟಿ ಬಡಿಯುವ ಸದ್ದಿನಲ್ಲೇ ಬೆಳೆದವನು ಮರೆತೆ.
ಏಪ್ರಿಲ್ಲಿನ ಎರೆಹೊಲದಂತೆ ಬಿರಿಯಿತು;
ಬಿರುಕಿನೊಳಗೆ ಮಗಳು ತನುಜಾ ಕಿರುಬೆರಳು ಇಳಿಸಿ ನೋಡಿದಳು.
ಎರಡನೆಯದರ ಮಾತು ಬೇಡ.
ಮೂರರಲ್ಲಿ ಬೆಲ್ಲ ತಳ ಹಿಡಿದು
ಬಿಡಿಸಲು ಉಳಿ ತರಬೇಕಾಯಿತು.
ಎಲ್ಲಕ್ಕೂ ನಂಬರು ಕೊಟ್ಟೆ. ರೂಢಿ.
ತೂಕ ಬರೆದೆ, ಉರಿ ಬರೆದೆ, ನಿಮಿಷ ಬರೆದೆ.
ಷರಾ ಅಂಕಣದಲ್ಲಿ ತನುಜಾ ಬರೆದಳು:
ಬೀಡಿ ತಿಂದ.

ಬೀಡಿ ನಮ್ಮ ನಾಯಿ.
ಪಾನ್ ಡಬ್ಬಿಯ ಹಿಂದೆ ಸಿಕ್ಕವನು, ಅದೇ ಬಣ್ಣ, ಅದೇ ಸಪೂರ.
ಕಲ್ಲು ಕೊಟ್ಟರೂ ಕಡಿದಾನು,
ಅವನ ಸಾಕ್ಷಿ ಲೆಕ್ಕಕ್ಕಿಲ್ಲ.
ಬೆಕ್ಕು ಜವಾರಿ ಒಮ್ಮೆ ಮೂಸಿ
ಮಣ್ಣು ಮುಚ್ಚುವವಳ ಹಾಗೆ ನೆಲ ಕೆರೆದು ಹೋದಳು.
ನನಗೆ ಅವಳ ವರದಿಯ ಮೇಲೆ ಹೆಚ್ಚು ನಂಬಿಕೆ.

ಈ ವರ್ಷ ಬೀಡಿಯ ಹಲ್ಲು ಸಡಿಲವಾದವು.
ಲಿಂಗಸುಗೂರಿನ ಪಶುವೈದ್ಯರು ಬೆರಳು ಮಡಚಿದರು:
ಉಪ್ಪು ಬೇಡ, ಸಿಹಿ ಬೇಡ, ಉಳ್ಳಾಗಡ್ಡಿ ಬೇಡ,
ಒಣದ್ರಾಕ್ಷಿ ತೋರಿಸಲೂ ಬೇಡ.
ಹಾಗೆ ಆದದ್ದು ನಮೂನೆ ಹನ್ನೊಂದು.
ಕುದಿನೀರಿನ ಜೋಳದ ಹಿಟ್ಟು, ಬೆಂದ ಕುಂಬಳಕಾಯಿ,
ಹುರಿದು ಕುಟ್ಟಿದ ಶೇಂಗಾ.
ಅಮರಮ್ಮನ ಹಳೆ ಬಳೆಯಿಂದ ಒತ್ತಿ ಕೊರೆದೆ,
ಮರಳ ಮೇಲೆ ನಲವತ್ತು ನಿಮಿಷ.
ಕುಕ್ಕರು ತೆರೆದಾಗ ಮೊದಲ ಮಳೆಗೆ ಮುಂಚಿನ
ಕಣದ ವಾಸನೆ.
ಜವಾರಿ ನೆಲ ಕೆರೆಯಲಿಲ್ಲ.

ಅದೇ ರಾತ್ರಿ ಮುದಗಲ್ಲಿನಿಂದ ಅತ್ತೆ ಹುಲಿಗೆಮ್ಮ ಬಂದಿದ್ದರು.
ಸಕ್ಕರೆ ಕಾಯಿಲೆ, ಒಂದು ಕಣ್ಣಿಗೆ ಪೊರೆ.
ಮೊದಲ ಪಾಳಿಯ ಸೈರನ್ನಿಗೆ ಎದ್ದು
ತಾವೇ ಚಹಾ ಕಾಸಿ, ತಡಕಿ ಡಬ್ಬಿ ತೆಗೆದು
ಅದ್ದಿ ಅದ್ದಿ ನಾಲ್ಕು ತಿಂದು ಕೂತಿದ್ದರು.

‘ಉಪ್ಪು ಮರ್ತೀರಿ ಅಳಿಯಂದ್ರ.
ಆದ್ರ ಸಕ್ಕರಿ ಹಾಕಿಲ್ಲ ನೋಡ್ರಿ,
ಅಷ್ಟರಾಗ ಗೊತ್ತಾತು,
ನನ್ನ ಸಲುವಾಗಿ ಮಾಡೀರಿ ಅಂತ.’

ತನುಜಾಳ ಬಾಯಿ ತೆರೆಯಿತು.
ಅಮರಮ್ಮ ಅವಳ ಕಾಲು ತುಳಿದಳು.
ಹದಿನೆಂಟು ವರ್ಷದಲ್ಲಿ ಅತ್ತೆ
ನನ್ನ ಮುಖ ನೋಡಿ ಆಡಿದ ಅತಿ ಉದ್ದದ ಮಾತು ಅದು.
ಹೊಸ್ತಿಲಲ್ಲಿ ಬೀಡಿ,
ಡಬ್ಬಿ ಯಾರದೆಂದು ಬಲ್ಲವನು, ಜೊಲ್ಲು ನುಂಗುತ್ತ.

‘ಪಾಪ, ಇದಕ್ಕೂ ಒಂಚೂರು ಹಾಕ್ರಿ,
ಬಾಯಿ ನೋಡಾಕತ್ತೇತಿ’ ಎಂದು
ಐದನೆಯದನ್ನು ತಾವೇ ಮುರಿದರು,
ಸಣ್ಣ ತುಂಡು ಅವನಿಗೆ.

ಪುಸ್ತಕ ತೆಗೆದೆ. ಷರಾ ಅಂಕಣ ಬಿಟ್ಟು
ಕೆಳಗಿನ ಸಾಲಿಗೆ ಹೋದೆ.
ನಮೂನೆ ಹನ್ನೆರಡು:
ಹಿಟ್ಟು ಎರಡು ಉಂಡೆ ಮಾಡುವುದು.
ಒಂದಕ್ಕೆ ಉಪ್ಪು.